ಪದಚರ್ಚೆ: ‘ಟೆಕ್ನಾಲಜಿ ಟ್ರಾನ್ಸ್‌ಫರ್’ ಕಚೇರಿಗೆ ಕನ್ನಡ ಫಲಕ (ತುರ್ತು)

ಬಳಗದವರಿಗೆ ನಮಸ್ಕಾರ. ವಿಶ್ವವಿದ್ಯಾಲಯವೊಂದರ ‘ಟೆಕ್ನಾಲಜಿ ಟ್ರಾನ್ಸ್‌ಫರ್ ಅಂಡ್ ಕಮರ್ಷಿಯಲೈಸೇಷನ್ ಸೆಲ್’ಗೆ ಸೋಮವಾರದೊಳಗೆ ಕನ್ನಡ ಫಲಕ ಬೇಕು. ಅಧ್ಯಾಪಕರ ಸಂಶೋಧನೆಗೆ ಪೇಟೆಂಟ್ ಮಾಡಿಸಿ ಕಂಪನಿಗಳಿಗೆ ಲೈಸೆನ್ಸ್ ಕೊಡುವ ಕಚೇರಿ ಅದು. ‘ತಂತ್ರಜ್ಞಾನ ವರ್ಗಾವಣೆ ಮತ್ತು ವ್ಯಾಪಾರೀಕರಣ ಘಟಕ’ ಎಂದು ಬರೆದುಕೊಟ್ಟೆ. ಕುಲಸಚಿವರು ಹೌಹಾರಿದರು: ಶಿಕ್ಷಣದ ವ್ಯಾಪಾರೀಕರಣ ನಿಲ್ಲಲಿ ಎಂದು ಹುಡುಗರು ಗೇಟಿನ ಹೊರಗೆ ಕೂಗುವಾಗ ಒಳಗೆ ನಾವೇ ಬೋರ್ಡು ಹಾಕಿಕೊಳ್ಳುವುದೇ? ‘ವಾಣಿಜ್ಯೀಕರಣ’ ಎಂದರೆ ಪಾರಾಗಬಹುದೇ? ಕೈಪಿಡಿಯಲ್ಲಿ ಪೇಟೆಂಟ್‌ಗೆ ‘ಹಕ್ಕುಸ್ವಾಮ್ಯ’ ಎಂದು ಹಾಕಿದ್ದೇನೆ.

> ‘ಹಕ್ಕುಸ್ವಾಮ್ಯ’ ಎಂದು ಹಾಕಿದ್ದೇನೆ

ಅರಿಸಮಾಸ, ಎಂದರೆ ಬೇರೆ ಬೇರೆ ನುಡಿಯ ಪದಗಳ ಬೆರಕೆ ಜೋಡಣೆ. ಅರಬ್ಬಿಯ ಹಕ್ಕು, ಸಂಸ್ಕೃತದ ಸ್ವಾಮ್ಯ; ಹೇಳುವುದು ಎರಡೂ ಒಂದನ್ನೇ. ತೆಗೆಯಿರಿ. ‘ಈಕರಣ’ಗಳೂ ಬೇಡ. ಟೆಕ್ನಾಲಜಿಗೆ ‘ಚಳಕ’ ಸಾಕು. ‘ಚಳಕ ಮಾರಾಟದ ಮನೆ’ ಎನ್ನಿ, ಮುಗಿಯಿತು.

> ‘ಚಳಕ ಮಾರಾಟದ ಮನೆ’ ಎನ್ನಿ

ಚಳಕವೆಂದರೆ ನಮ್ಮ ಕಡೆ ಕೈಚಳಕ. ಜೇಬುಗಳ್ಳರ ಸಂಘವೆಂದು ತಿಳಿದಾರು. ಬಿರುದುಗಳಲ್ಲಿ ಅರಿಸಮಾಸಕ್ಕೆ ‘ಶಬ್ದಮಣಿದರ್ಪಣ’ದ ವ್ಯಾಕರಣಕಾರ ಕೇಶಿರಾಜನೇ ಎಡೆ ಕೊಟ್ಟಿದ್ದಾನೆ. ಫಲಕವೂ ಒಂದು ಬಿರುದೇ. ಹಕ್ಕುಸ್ವಾಮ್ಯದ ದೋಷ ಬೇರೆ. ಪತ್ರಿಕೆಗಳು ಅದನ್ನು ಕಾಪಿರೈಟ್‌ಗೂ ಬಳಸುವುದರಿಂದ ಪುಸ್ತಕದ್ದೋ ಯಂತ್ರದ್ದೋ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯ, ಪೇಟೆಂಟ್‌ನ ಮೂಲ ಲ್ಯಾಟಿನ್ನಿನ ‘ಪತೇರೆ’, ಎಂದರೆ ತೆರೆದಿರು. ರಾಜಮುದ್ರೆ ಹೊತ್ತು, ಎಲ್ಲರೂ ಓದಲೆಂದು ಬಿಚ್ಚಿಟ್ಟ ಓಲೆ ಅದು. ಗುಟ್ಟನ್ನು ಊರಿಗೆಲ್ಲ ಬಿಚ್ಚಿಟ್ಟದ್ದಕ್ಕೆ ಪ್ರತಿಫಲವೇ ಆ 20 ವರ್ಷಗಳ ಹಕ್ಕು. ಬಿಚ್ಚಿಡುವ ಆ ಅರ್ಧ ಸ್ವಾಮ್ಯದಲ್ಲಿ ಎಲ್ಲಿದೆ? ‘ಪೇಟೆಂಟ್’ ಎಂದೇ ಇರಲಿ. ಅರಿಶಿನದ ಗಾಯ ಮಾಗಿಸುವ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ರದ್ದಾದಾಗಲೇ ಆ ಪದ ನಮ್ಮ ಒಗ್ಗರಣೆ ಡಬ್ಬಿಯವರೆಗೂ ಬಂದಾಗಿದೆ.

‘ವರ್ಗಾವಣೆ’ಯಂತೂ ಶುದ್ಧ ತಪ್ಪು. ವರ್ಗವಾದ ತಹಶೀಲ್ದಾರರು ಹಳೆಯ ಕುರ್ಚಿಯಲ್ಲಿ ಉಳಿಯುವುದಿಲ್ಲ. ಎಮ್ಮೆಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಮುಲ್‌ಗೆ ಕೊಟ್ಟಿತು. ಆ ವಿದ್ಯೆ ಮೈಸೂರಿನಿಂದ ಗಂಟುಮೂಟೆ ಕಟ್ಟಿತೇ? ಇದು ಗೇಣಿ. ಒಡೆತನ ಒಬ್ಬರದು, ಉಳುಮೆ ಇನ್ನೊಬ್ಬರದು. ‘ಸಂಶೋಧನಾ ಗೇಣಿ ಕಚೇರಿ’ ಎಂದು ಬರೆಯಿರಿ.

> ಇದು ಗೇಣಿ

ಗೇಣಿದಾರರಿಗೇ ಭೂಮಿಯ ಒಡೆತನ ಕೊಟ್ಟ 1974ರ ಭೂಸುಧಾರಣೆ ಮರೆತಿರಾ? ಕಂಪನಿಯವರು ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ತುಂಬಿ ‘ಉಳುವವನೇ ಒಡೆಯ’ ಎಂದು ಬಂದು ನಿಲ್ಲುತ್ತಾರೆ. ಲ್ಯಾಟಿನ್ ಬಂದರೆ ಮಣೆ, ನಮ್ಮದೇ ‘ಚಳಕ’ ಬಂದರೆ ಕಳ್ಳತನ. ಈ ಬಳಗದ ರೋಗವೇ ಇದು.

> ಈ ಬಳಗದ ರೋಗವೇ ಇದು

‘ರೋಗ’ವೂ ಸಂಸ್ಕೃತದ್ದೇ. ಮೊದಲು ಅದನ್ನು ಹಿಂತಿರುಗಿಸಿ ಬನ್ನಿ.

ಹಿರಿಯರೇ, ಫಲಕ ಬರೆಯುವವರು ಎರಡು ಬಾರಿ ಫೋನ್ ಮಾಡಿದರು. ‘ಸಂಶೋಧನಾ ಬಳಕೆ ಘಟಕ’ ಎಂದು ಕಳಿಸಿಬಿಟ್ಟೆ. ಕೈಪಿಡಿಯಲ್ಲಿ ‘ಪೇಟೆಂಟ್’ ಉಳಿಯಿತು. ರಾಯಲ್ಟಿಗೆ ‘ರಾಜಧನ’ ಎಂದರೆ ಕಲ್ಲುಗಣಿಯ ಶುಲ್ಕ ನೆನಪಾಗುತ್ತದೆ ಎನ್ನುತ್ತಾರೆ ಕುಲಸಚಿವರು. ಬೇರೆ ಏನಾದರೂ ಇದೆಯೇ? ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ.