2007ರ ಸ್ಯಾಂಟ್ರೊದಲ್ಲಿ ಕಾಶಿಗೆ ಹೋಗಬಹುದೇ? ಏನೇನು ಸಿದ್ಧತೆ ಬೇಕು?

ಪ್ರಶ್ನೆ (ಬೆಂಗಳೂರಿನಿಂದ)
ನಮ್ಮಲ್ಲಿ 2007ರ ಸ್ಯಾಂಟ್ರೊ ಜಿಂಗ್ ಪೆಟ್ರೋಲ್ ಕಾರಿದೆ. ಊರೊಳಗಿನ ಓಡಾಟಕ್ಕಷ್ಟೇ ಬಳಸಿದ್ದರಿಂದ 52 ಸಾವಿರ ಕಿ.ಮೀ. ಮಾತ್ರ ಓಡಿದೆ. ಆರ್‌ಸಿ ನವೀಕರಣವಾಗಿದೆ, ವಿಮೆಯೂ ಚಾಲ್ತಿಯಲ್ಲಿದೆ. ಮೇ ತಿಂಗಳಲ್ಲಿ ತಂದೆ ತಾಯಿಯನ್ನು ಕರೆದುಕೊಂಡು ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ ಮಾರ್ಗವಾಗಿ ಕಾಶಿಗೆ ಹೋಗಿಬರಬೇಕೆಂದಿದ್ದೇವೆ. ಇಷ್ಟು ಕಡಿಮೆ ಓಡಿದ ಗಾಡಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದರೆ ಸಾಕೆಂದು ಗ್ಯಾರೇಜಿನವರು ಹೇಳುತ್ತಾರೆ. ಬಲ್ಲವರು ಇದನ್ನು ಒಪ್ಪುವಿರಾ?

ಉತ್ತರ 1 (ಮೆಕ್ಯಾನಿಕ್, ದಾವಣಗೆರೆ)
ಒಪ್ಪಲಾರೆ, ಸರ್. ರಬ್ಬರ್ ಸವೆಯುವುದು ಕಿಲೋಮೀಟರಿನಿಂದ ಮಾತ್ರವಲ್ಲ, ವರ್ಷಗಳಿಂದಲೂ. ನಿಮ್ಮ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವುದು ಟೈಮಿಂಗ್ ಚೈನ್ ಅಲ್ಲ, ರಬ್ಬರಿನ ಬೆಲ್ಟ್. ಅದನ್ನು ಇದುವರೆಗೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೇ ಆಗಲಿ, ಏಕೆಂದರೆ ಓಡುವಾಗ ಅದು ಹರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ವಾಲ್ವ್‌ಗಳು ಬಾಗಿ ಎಂಜಿನ್ನಿನ ಮೇಲ್ಭಾಗ (ಹೆಡ್) ಬಿಚ್ಚುವ ಕೆಲಸವೂ ಬರಬಹುದು. ಬೆಲ್ಟ್ ಬಿಚ್ಚಿದಾಗಲೇ ಅದನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಹೊಸದಾಗಿ ಹಾಕಿಸಿ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 1417 ಎಂದಿದ್ದರೆ ಅದು 2017ರ 14ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದನ್ನು, ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳವಾಗಿ ಕಂಡರೂ, ಹೆದ್ದಾರಿಗೆ ಒಯ್ಯಬೇಡಿ. ಸ್ಟೆಪ್ನಿಗೂ ಇದೇ ಮಾತು. ಟೈರಿಗೆ ಕಪ್ಪು ಪಾಲಿಶ್ ಬಳಿದು ಸಣ್ಣ ಬಿರುಕುಗಳನ್ನು ಮರೆಸುವ ವಾಟರ್ ವಾಶ್‌ನವರೂ ಇದ್ದಾರೆ, ಆದ್ದರಿಂದ ತೊಳೆಸುವ ಮೊದಲೇ ನೋಡುವುದು ಒಳ್ಳೆಯದು.

ಉತ್ತರ 2 (ನಾಗಪುರದಲ್ಲಿರುವ ಕನ್ನಡಿಗ)
ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ಬಿಸಿಲು ಅಪರೂಪವಲ್ಲ. ಆದ್ದರಿಂದ ರೇಡಿಯೇಟರಿನ ಮೇಲೆ, ಅದರಲ್ಲೂ ಅದರ ಮುಚ್ಚಳದ ಮೇಲೆ ಗಮನವಿರಲಿ. ಮುಚ್ಚಳ ಒತ್ತಡವನ್ನು ಹಿಡಿದಿಟ್ಟರಷ್ಟೇ ಕೂಲಂಟ್ (ಎಂಜಿನ್ ತಣಿಸುವ ದ್ರವ) ನೂರು ಡಿಗ್ರಿ ದಾಟಿದರೂ ಕುದಿಯದೆ ಉಳಿಯುತ್ತದೆ. ಅದರ ವಾಷರ್ ಗಟ್ಟಿಯಾಗಿದ್ದರೆ ಬದಲಿಸಿಬಿಡಿ, ದೊಡ್ಡ ಮೊತ್ತವೇನಲ್ಲ. ಎಸಿ ಆಫ್ ಮಾಡಿ, ಗಾಡಿಯನ್ನು ನಿಂತಲ್ಲೇ ಚಾಲೂ ಇಡಿ: ತಾಪಮಾನದ ಮುಳ್ಳು ನಡುವಿಗೆ ಬಂದ ಸ್ವಲ್ಪ ಹೊತ್ತಿನಲ್ಲಿ ರೇಡಿಯೇಟರಿನ ಫ್ಯಾನ್ ತಾನಾಗಿಯೇ ತಿರುಗಬೇಕು. ನಾಗಪುರ ದಾಟಿ ಸಿವನಿಯತ್ತ ಹೋಗುವಾಗ ಪೆಂಚ್ ಕಾಡು ಸಿಗುತ್ತದೆ. ಆ ಭಾಗವನ್ನು ಹಗಲಲ್ಲೇ ದಾಟಿಕೊಳ್ಳಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಫ್ಯಾನ್ ತಿರುಗಿತು. ಟೈರುಗಳು 2016ರವು, ಐದನ್ನೂ ಬದಲಿಸುತ್ತೇನೆ. ಎಥನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಗಾಡಿಗೆ ತೊಂದರೆಯೇ?

ಉತ್ತರ 3 (ಹುಬ್ಬಳ್ಳಿ)
ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2007ರ ಗಾಡಿಯ ರಬ್ಬರ್ ಭಾಗಗಳನ್ನು ಅದಕ್ಕಾಗಿ ರೂಪಿಸಿರಲಿಲ್ಲ. ಒಂದು ಪ್ರಯಾಣದಿಂದ ಎಂಜಿನ್ ಕೆಡುತ್ತದೆಂದು ಹೆದರಬೇಕಿಲ್ಲ, ಆದರೆ ಬಾನೆಟ್ ಒಳಗಿನ ಪೆಟ್ರೋಲ್ ಪೈಪುಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿಸಿ; ಬಿರುಕು, ಜಿಗುಟು ಅಥವಾ ವಾಸನೆ ಇದ್ದರೆ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಎರಡು ವರ್ಷ ಮೀರಿದ್ದರೆ ಅದನ್ನೂ ಬದಲಿಸಬೇಕು.

ಈ ಕೆಲಸಗಳನ್ನೆಲ್ಲ ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಮೂರು ವಾರ ಮೊದಲೇ ಮುಗಿಸಿ, ಎಲ್ಲರನ್ನೂ ಕೂರಿಸಿಕೊಂಡು ಎಸಿ ಹಾಕಿ ಚಿತ್ರದುರ್ಗಕ್ಕೆ ಹೋಗಿಬನ್ನಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಅದು ಇಳಿದಿದ್ದರೆ ಸೋರಿಕೆ ಸಿಗುವವರೆಗೆ ಕಾಶಿಯ ದಿನಾಂಕ ನಿಗದಿಪಡಿಸಬೇಡಿ.