ಅಪ್‌ಡೇಟ್: ಹೊಲಿಗೆ ಘಟಕದ ಸಿಬ್ಬಂದಿಗೆ ತರಬೇತಿ

ಕಿವಿ ಕೇಳದ ಇಬ್ಬರು ನಮ್ಮ ಹೊಲಿಗೆ ಘಟಕಕ್ಕೆ ಸೇರಿದ್ದಾರೆ, ಅವರೊಂದಿಗೆ ಮಾತಾಡಲು ಉಳಿದವರಿಗೆ ಸಂಜ್ಞಾ ಭಾಷೆಯ ತರಬೇತಿ ಕೊಡಿಸಲು ಸರ್ಕಾರದ ನೆರವು ಸಿಗುತ್ತದೆಯೇ ಎಂದು ಕೇಳಿದ್ದೆ. ಹಣವೇನೂ ಕೈಗೆ ಬರಲಿಲ್ಲ, ದಾರಿ ಮಾತ್ರ ಸಿಕ್ಕಿತು. ಕೇಂದ್ರ ಸರ್ಕಾರದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ವಿಡಿಯೊ ನಿಘಂಟು ಉಚಿತ. ಊಟದ ಬಿಡುವಿನಲ್ಲಿ ಅದನ್ನೇ ಹಾಕಿಕೊಂಡು ‘ಕತ್ತರಿ’, ‘ನಿಲ್ಲಿಸು’ ಕಲಿಯುತ್ತಿದ್ದೇವೆ. ಹಿಂದಿನಿಂದ ಬಂದು ಹೆಗಲು ತಟ್ಟಿ ಬೆಚ್ಚಿಬೀಳಿಸುತ್ತಿದ್ದ ಮೇಲ್ವಿಚಾರಕರು ಈಗ ಎದುರು ನಿಂತು ಸಂಜ್ಞೆ ಮಾಡುತ್ತಾರೆ. (ಅವರ ಸಂಜ್ಞೆ ನೋಡಿದರೆ ನಗು ಬರುತ್ತದೆ, ಅದು ಬೇರೆ ಮಾತು.)

ಇದಕ್ಕೆಲ್ಲ ಮಾಲೀಕರು ಬಗ್ಗಿದ್ದು ಕಾನೂನು ತೋರಿಸಿದ ಮೇಲೆಯೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅಂಗವಿಕಲರ ನೇಮಕಾತಿ, ಸೌಲಭ್ಯ ನೋಡಿಕೊಳ್ಳುವ ಸಂಪರ್ಕಾಧಿಕಾರಿಯೂ ಬೇಕು. ನಮ್ಮ ನೀತಿಯ ಕರಡು ಸಿದ್ಧವಾಗಿದೆ, ಮಾಲೀಕರ ಸಹಿ ಬಾಕಿ.