ಕ್ರೀಡಾ ವರದಿಯಿಂದ ಪುಸ್ತಕಕ್ಕೆ: ಹೊವರ್ಡ್ ಬ್ರಯಂಟ್ ಓದಿದವರು, ಪುಸ್ತಕ ಮಾಡಿದವರು ಅನುಭವ ಹೇಳಿ

ಹುಬ್ಬಳ್ಳಿ ವರದಿಗಾರ (ಪ್ರಶ್ನೆ):
ನಮಸ್ಕಾರ. ನಾನು ಪತ್ರಿಕೆಯೊಂದರ ಕ್ರೀಡಾ ವರದಿಗಾರ. ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಓಟಗಾರರ ಬಗ್ಗೆ ಪುಸ್ತಕ ಬರೆಯುವ ಆಸೆ. 80ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟರು. 90ರ ದಶಕದ ಆರಂಭದಲ್ಲಿ ಅದು ನಿಂತುಹೋಯಿತು. ಈಚೆಗೆ ಅಮೆರಿಕದ ಹೊವರ್ಡ್ ಬ್ರಯಂಟ್ ಅವರನ್ನು ಓದಲು ಶುರು ಮಾಡಿದ್ದೇನೆ. ಅವರೂ ಪತ್ರಿಕೆಯಿಂದ ಬಂದವರು. ಆಟ, ಜನಾಂಗ, ಸಂಸ್ಕೃತಿ ಮೂರನ್ನೂ ಒಂದೇ ಕಥೆಯಲ್ಲಿ ಹಿಡಿಯುತ್ತಾರೆ. ನನ್ನದು ಎರಡು ಕಾಲಂ ಸುದ್ದಿಗೆ ಒಗ್ಗಿಹೋದ ಕೈ. ಎಲ್ಲಿಂದ ಶುರು ಮಾಡಲಿ?

ಬಾಸ್ಟನ್ ಕನ್ನಡತಿ:
ಇಲ್ಲಿಗೆ ಬಂದ ಹೊಸತರಲ್ಲಿ ಫೆನ್ವೇ ಬೇಸ್‌ಬಾಲ್ ಮೈದಾನದ ಪಕ್ಕದ ರಸ್ತೆಗೆ ‘ಯಾಕಿ ವೇ’ ಅಂತ ಬೋರ್ಡ್ ಇತ್ತು. 2018ರಲ್ಲಿ ಅದನ್ನು ತೆಗೆದು ಹಳೇ ಹೆಸರು ಜರ್ಸಿ ಸ್ಟ್ರೀಟ್ ಅಂತಲೇ ಹಾಕಿದರು. ಟಾಮ್ ಯಾಕಿ ಅಂದ್ರೆ ರೆಡ್ ಸಾಕ್ಸ್ ತಂಡದ ಹಿಂದಿನ ಮಾಲೀಕ. ಹೆಸರು ಬದಲಾಯಿಸಿದ್ದು ಯಾವ ಕಾರಣಕ್ಕೆ ಅಂತ ಕೇಳಿದ್ದಕ್ಕೆ ಆಫೀಸಿನ ಗೆಳತಿ ಕೈಗಿಟ್ಟಿದ್ದು ಬ್ರಯಂಟ್ ಅವರ ಮೊದಲ ಪುಸ್ತಕ, ಬಾಸ್ಟನ್ನಿನ ಬೇಸ್‌ಬಾಲ್ ಮತ್ತು ವರ್ಣಭೇದದ ಬಗೆಗಿನ 2002ರ ‘ಶಟ್ ಔಟ್’. ನೀವು ಅಲ್ಲಿಂದ ಶುರು ಮಾಡಿ.

ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಪಂದ್ಯಾವಳಿ ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರನನ್ನು ಸೇರಿಸಿಕೊಂಡ ಕೊನೆಯ ತಂಡ ಇದೇ ಯಾಕಿಯ ರೆಡ್ ಸಾಕ್ಸ್. ಆ ಲೀಗಿನ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಕಣಕ್ಕಿಳಿದದ್ದು 1947ರಲ್ಲಿ. ಬಾಸ್ಟನ್ ತಂಡಕ್ಕೆ ಪಂಪ್ಸಿ ಗ್ರೀನ್ ಬಂದದ್ದು 1959ರ ಜುಲೈಯಲ್ಲಿ. ಹೊಟ್ಟೆ ಉರಿಸೋ ಸಂಗತಿ ಏನಂದ್ರೆ, ಇದೇ ರಾಬಿನ್ಸನ್ 1945ರ ಏಪ್ರಿಲ್‌ನಲ್ಲಿ ಫೆನ್ವೇಗೆ ಟ್ರಯಲ್ಸ್‌ಗೆ ಬಂದಿದ್ದರು. ಜೊತೆಗೆ ಸ್ಯಾಮ್ ಜೆತ್ರೋ ಮತ್ತು ಮಾರ್ವಿನ್ ವಿಲಿಯಮ್ಸ್. ಕರೆತಂದವರು ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ವೆಂಡೆಲ್ ಸ್ಮಿತ್. ಅವರೂ ನಿಮ್ಮ ಹಾಗೆ ಕ್ರೀಡಾ ಬರಹಗಾರರೇ. ನಗರಸಭೆ ಸದಸ್ಯ ಇಸಡೋರ್ ಮಚ್ನಿಕ್ ಒತ್ತಡ ಹಾಕಿದ್ದಕ್ಕೆ ತಂಡದವರು ಒಪ್ಪಿದ್ದು. ಬ್ಯಾಟ್ ಮಾಡಿಸಿ ನೋಡಿದರು, ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ.

‘ಆ ಕಾಲವೇ ಹಾಗಿತ್ತು, ಊರೇ ಹಾಗಿತ್ತು’ ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು ಅಲ್ವಾ? ಆದರೆ ಅದೇ ಊರಿನ ಇನ್ನೊಂದು ಬೇಸ್‌ಬಾಲ್ ತಂಡ ಬ್ರೇವ್ಸ್, 1950ರಲ್ಲಿ ಅದೇ ಜೆತ್ರೋ ಅವರನ್ನು ಆಡಿಸಿತು. ಆ ವರ್ಷದ ಉತ್ತಮ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಅದೇ 1950ರಲ್ಲಿ ಬಾಸ್ಕೆಟ್‌ಬಾಲ್‌ನ ಸೆಲ್ಟಿಕ್ಸ್ ತಂಡ ಚಕ್ ಕೂಪರ್ ಅವರನ್ನು ಆರಿಸಿಕೊಂಡಿತು. ಎನ್‌ಬಿಎ ಅನ್ನೋ ಬಾಸ್ಕೆಟ್‌ಬಾಲ್ ಲೀಗಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಆಯ್ಕೆಯಾದ ಮೊದಲ ಕಪ್ಪು ಆಟಗಾರ ಅವರು. 1958ರಲ್ಲಿ ಐಸ್ ಹಾಕಿಯ ಬ್ರೂಯಿನ್ಸ್ ತಂಡಕ್ಕೆ ಕಪ್ಪು ಆಟಗಾರ ವಿಲ್ಲಿ ಓರೀ ಬಂದರು. ಊರು ಒಂದೇ, ಕಾಲ ಒಂದೇ. ಅಂದ ಮೇಲೆ ಬಾಗಿಲು ಹಾಕಿದ್ದು ಕಾಲವಲ್ಲ, ಒಂದು ಕಚೇರಿ. ಆ ಕಚೇರಿಯೊಳಗೆ ಯಾರು ಕೂತಿದ್ದರು, ಯಾರು ಬೇಡ ಅಂದರು ಅನ್ನೋದರ ಬೆನ್ನು ಹತ್ತಿದರೆ ಅದು ಪುಸ್ತಕ.

ಪಂಪ್ಸಿ ಗ್ರೀನ್ ಕಥೆಯಲ್ಲೂ ಇದನ್ನೇ ನೋಡಿ. 1959ರ ತರಬೇತಿ ಶಿಬಿರ ನಡೆದದ್ದು ಅರಿಜೋನಾದಲ್ಲಿ. ತಂಡ ಇಳಿದ ಹೋಟೆಲಿನಲ್ಲಿ ಅವರಿಗೆ ಜಾಗವಿಲ್ಲ, ಬೇರೆ ಕಡೆ ಉಳಿಯಬೇಕಾಯಿತು. ಚೆನ್ನಾಗಿ ಆಡಿದರೂ ಕೆಳಗಿನ ಲೀಗಿಗೆ ವಾಪಸ್ ಕಳಿಸಿದರು. ದೂರು ಹೋಯಿತು, ರಾಜ್ಯದ ತಾರತಮ್ಯ ವಿರೋಧಿ ಆಯೋಗ ವಿಚಾರಣೆ ಮಾಡಿತು. ಅಯ್ಯೋ ಪಾಪ ಅಂತ ಬರೆದರೆ ಹೋಟೆಲಿಗೇ ಕಥೆ ಮುಗಿಯುತ್ತೆ. ವಿಚಾರಣೆಯ ಕಾಗದ ಹುಡುಕಿದರೆ ಮುಂದಿನ ಅಧ್ಯಾಯ ಸಿಗುತ್ತೆ.

ನಿವೃತ್ತ ಉಪಸಂಪಾದಕ:
ತಮ್ಮಾ, ನಿನಗಿಂತ ದೊಡ್ಡವನೇ ಇರಬೇಕು, ಏಕವಚನ ಇರಲಿ. ಮೊದಲು ಹಳೇ ನೋಟ್‌ಬುಕ್ ಎಲ್ಲ ಅಟ್ಟದಿಂದ ಇಳಿಸು. ಅಚ್ಚಾದದ್ದರ ಕಟಿಂಗ್ ಬೇಡ. ಡೆಸ್ಕಿನಲ್ಲಿ ನಮ್ಮಂಥವರು ಜಾಗ ಇಲ್ಲ ಅಂತ ಕತ್ತರಿಸಿದ್ದು ಇರುತ್ತಲ್ಲ, ನಿನ್ನ ಪುಸ್ತಕ ಅದರಲ್ಲಿದೆ. ಬ್ರಯಂಟ್ 90ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕಡೆ ಕೆಲಸ ಮಾಡಿದವರು. ಅಲ್ಲಿನ ಬೇಸ್‌ಬಾಲ್ ಆಟಗಾರ ರಿಕಿ ಹೆಂಡರ್ಸನ್ ಬಗ್ಗೆ ಅವರ ಪುಸ್ತಕ ಬಂದದ್ದು 2022ರಲ್ಲಿ! ಅದು ಬರೀ ಕದ್ದ ಬೇಸ್‌ಗಳ, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದ್ದರ, ಲೆಕ್ಕ ಅಲ್ಲ (1,406, ಇವತ್ತಿಗೂ ದಾಖಲೆ). ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಓಕ್ಲೆಂಡಿಗೆ ಬಂದ ಕಪ್ಪು ಕುಟುಂಬಗಳ ಕಥೆಯೂ ಹೌದು. ಬಾಸ್ಕೆಟ್‌ಬಾಲ್‌ನ ಬಿಲ್ ರಸೆಲ್, ಬೇಸ್‌ಬಾಲ್‌ನ ಫ್ರಾಂಕ್ ರಾಬಿನ್ಸನ್ ಇಬ್ಬರೂ ಆ ಊರಿನ ಒಂದೇ ಹೈಸ್ಕೂಲಿನವರು. ಒಂದೇ ಕೇರಿಯಲ್ಲಿ ಇಷ್ಟು ಜನ ಹೇಗೆ ಅಂತ ಕೇಳಿದರೆ ವಲಸೆ, ಬಾಡಿಗೆ ಮನೆ, ಶಾಲೆ ಎಲ್ಲ ತಾನಾಗಿ ಬರುತ್ತೆ. ಸಂಸ್ಕೃತಿ ಅಂತ ಬೇರೆ ಅಧ್ಯಾಯ ತುರುಕಬೇಡ.

ಪುಸ್ತಕ ಮಾಡಿ ಸುಸ್ತಾದವನು:
ಹಣದ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಕೆಲಸ ಬಿಡಬೇಡಿ. ಬ್ರಯಂಟ್ ಕೂಡ ಮೊದಲ ಪುಸ್ತಕಗಳು ಬಂದಾಗ ಪತ್ರಿಕೆಯಲ್ಲೇ ಇದ್ದರು. ಇನ್ನೊಂದು, ಸಂದರ್ಶನ ಮಾಡಿದ ದಿನವೇ ಬರೆದಿಡಿ. ರೆಕಾರ್ಡಿಂಗ್ ಇದೆಯಲ್ಲ ಅಂತ ಬಿಟ್ಟರೆ ಕೊನೆಗೆ ರಾಶಿ ಬೀಳುತ್ತೆ, ಕೇಳೋಕೆ ಕಿವಿ ಸಾಲಲ್ಲ.

ಯಲ್ಲಾಪುರದ ಟೀಚರ್:
ಸರ್, ನಾನು ಸಿದ್ದಿ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಕ್ಯಾಮೆರಾ ಹಿಡಿದು ಬಂದವರೆಲ್ಲ ನಮ್ಮ ಹುಡುಗರಿಗೆ ಡಮಾಮಿ ಬಾರಿಸಿ ಅನ್ನುತ್ತಾರೆ, ಆಮೇಲೆ ಸ್ವಲ್ಪ ಓಡಿ ತೋರಿಸಿ ಅನ್ನುತ್ತಾರೆ. ಆಫ್ರಿಕಾದ ಮೂಲ, ಹಾಗಾಗಿ ಹುಟ್ಟಾ ಓಟಗಾರರು ಅನ್ನೋ ಲೆಕ್ಕ. ಪ್ರಾಧಿಕಾರದ ಆ ತರಬೇತಿ ಯೋಜನೆಯೂ ಇದೇ ನಂಬಿಕೆಯ ಮೇಲೆ ನಿಂತಿತ್ತು. ಕಾಲು ಬೇಕು, ಮಾತು ಬೇಡ.

ಬ್ರಯಂಟ್ ಅವರ 2018ರ ‘ದಿ ಹೆರಿಟೇಜ್’ ಓದಿದಾಗ ನನಗೆ ನಮ್ಮದೇ ಅನ್ನಿಸಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಡಿ ಪದಕ ಗೆದ್ದ ಅಮೆರಿಕದ ಕಪ್ಪು ಓಟಗಾರರು ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ಪದಕದ ಕಟ್ಟೆ ಮೇಲೆ ಮುಷ್ಟಿ ಎತ್ತಿದರು, ಅವರನ್ನು ತಂಡದಿಂದ ಹೊರಗೆ ಹಾಕಿದರು. 2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ವರ್ಣಭೇದ ಪ್ರತಿಭಟಿಸಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದರು. ಮುಂದಿನ ವರ್ಷದಿಂದ ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಓಡುವಾಗ ಚಪ್ಪಾಳೆ, ಬಾಯಿ ತೆರೆದರೆ ಸಿಟ್ಟು. ನೀವು ಬಂದರೆ ಯೋಜನೆ ನಿಂತ ಮೇಲೆ ಹಾಸ್ಟೆಲ್ ಬಿಟ್ಟು ಊರಿಗೆ ವಾಪಸ್ ಬಂದವರನ್ನು ಮಾತಾಡಿಸಿ. ಏನು ಗೆದ್ದಿರಿ ಅಂತ ಕೇಳಬೇಡಿ. ಯಾರು ಏನು ಹೇಳಿ ಕಳಿಸಿದರು ಅಂತ ಕೇಳಿ.

ಹುಬ್ಬಳ್ಳಿ ವರದಿಗಾರ:
ಟೀಚರ್, ಬೇಜಾರೇನಿಲ್ಲ. ನನ್ನ ಪಟ್ಟಿಯಲ್ಲಿ ಪದಕ ಗೆದ್ದವರೇ ಜಾಸ್ತಿ ಇದ್ದರು. ಈಗ ವಾಪಸ್ ಬಂದವರ ಪಟ್ಟಿ ಬೇರೆ ಮಾಡುತ್ತೇನೆ. ಬಾಸ್ಟನ್ ಅಕ್ಕ ಹೇಳಿದ ಕಚೇರಿಯ ಪ್ರಶ್ನೆ ಉಳಿಯಿತು. ಅಷ್ಟು ಹಳೇ ಫೈಲು ಸಿಗುತ್ತಾ?

ಪುಸ್ತಕ ಮಾಡಿ ಸುಸ್ತಾದವನು:
ಮಾಹಿತಿ ಹಕ್ಕಿನಲ್ಲಿ ಹಾಕಿ. 10 ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡಬೇಕು. ಪ್ರಾಧಿಕಾರದ ದೆಹಲಿ ಕಚೇರಿಗೂ ಬೆಂಗಳೂರು ಕೇಂದ್ರಕ್ಕೂ ಬೇರೆ ಬೇರೆ ಅರ್ಜಿ ಹಾಕಿ. 20 ವರ್ಷಕ್ಕಿಂತ ಹಳೇ ವಿಷಯ ಆದ್ದರಿಂದ ಕೊಡಲ್ಲ ಅನ್ನೋಕೆ ಅವರಿಗಿರುವ ನೆಪಗಳು ಕಡಿಮೆ, ಎಂಟನೇ ಸೆಕ್ಷನ್ ಓದಿಕೊಂಡು ಹೋಗಿ. ‘ಯಾಕೆ ನಿಲ್ಲಿಸಿದಿರಿ’ ಅಂತ ಕೇಳಬೇಡಿ, ಅದು ಅಭಿಪ್ರಾಯ ಅಂತ ವಾಪಸ್ ಕಳಿಸುತ್ತಾರೆ. ‘ನಿಲ್ಲಿಸಿದ ಆದೇಶದ ಪ್ರತಿ, ಕಡತದ ಟಿಪ್ಪಣಿ ಹಾಳೆ’ ಅಂತ ಬರೆಯಿರಿ. ಫೈಲು ನಾಶವಾಗಿದೆ ಅಂದರೆ ನಾಶ ಮಾಡಿದ ಆದೇಶ ಕೇಳಿ. ಲೋಕಸಭೆಯ ಹಳೇ ಪ್ರಶ್ನೋತ್ತರಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಈ ವಾರವೇ ಅದನ್ನು ಜಾಲಾಡಿ.